ಲಂಕೆಗೆ ಸಿದ್ಧವಾದ ಎರಡು ಸೈಕಲ್ಲು

ಮೇಲೂರಿನ ಆಚೆ ಒಂದು ಹಳ್ಳಿ. ಹೆಸರು ಬೇಡ, ಹೆಸರು ಹೇಳಿದರೆ ಇವತ್ತಿಗೂ ಯಾರಾದರೂ ಕೋಲು ಹಿಡಿದುಕೊಂಡು ಜಗಳಕ್ಕೆ ಬರುತ್ತಾರೆ, ಕತೆ ಅಲ್ಲಿಗೇ ನಿಂತುಹೋಗುತ್ತದೆ. ಆ ಹಳ್ಳಿಯ ಕೇರಿಯಲ್ಲಿ ಗಂಗುಲಮ್ಮನ ಒಬ್ಬನೇ ಮಗನಾಗಿ ಹುಟ್ಟಿದವನು ಕೋನಪ್ಪ. ಅಪ್ಪನ ಮುಖ ಅವನಿಗೆ ನೆನಪಿರಲಿಲ್ಲ. ತಾಯಿ ಊರಿನವರ ತೋಟಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಕೂಲಿ. ಮಗ ಮೂರು ವರ್ಷ ಸ್ಕೂಲಿನ ಜಗಲಿಯ ಮೇಲೆ ಕೂತು, ಒಳಗಿನವರು ಓದುವುದನ್ನು ಕೇಳಿಸಿಕೊಂಡು ಅಕ್ಷರ ಕಲಿತ. ಆಮೇಲೆ ಅವನೂ ಸೊಪ್ಪಿನ ಹೊರೆಗೆ ತಲೆ ಕೊಟ್ಟ.

ಆ ಒಳಗಿನವರಲ್ಲಿ ಒಬ್ಬ ಚನ್ನಕೇಶವ, ಊರ ದೊಡ್ಡ ಕುಳ ನರಸಿಂಹಪ್ಪಗೌಡರ ಮಗ. ಅವನು ಶಿಡ್ಲಘಟ್ಟದ ಹೈಸ್ಕೂಲಿಗೆ ಸೇರಿದಾಗ ಗೌಡರು ಒಂದು ಹೊಸ ಸೈಕಲ್ ತಂದರು. ಹುಡುಗನಿಗೆ ಸೈಕಲ್ ಬಂತು, ತುಳಿಯಲು ಬರಲಿಲ್ಲ. ಹಿಂದೆ ಸೀಟು ಹಿಡಿದುಕೊಂಡು ಓಡುವವನು ಒಬ್ಬ ಬೇಕಾಯಿತು. ಓಡುವುದಕ್ಕೆ ಯಾರು ಸಿಗುತ್ತಾರೆ? ಕೋನಪ್ಪ ಸಿಕ್ಕ. ಒಂದು ಬೇಸಿಗೆ ಪೂರ್ತಿ ಕೆರೆಯ ಏರಿಯ ಮೇಲೆ ಅವನು ಬರಿಗಾಲಲ್ಲಿ ಓಡಿದ. ಕೇಶವ ಬೀಳದ ಹಾಗೆ ನೋಡಿಕೊಂಡ, ಬಿದ್ದಾಗ ಬೈಸಿಕೊಂಡ. ಬೇಸಿಗೆ ಮುಗಿಯುವ ಹೊತ್ತಿಗೆ ಏರಿಯ ಹಿಂದುಗಡೆ, ಯಾರೂ ಕಾಣದ ಕಡೆ, ಕೇಶವ ಇಳಿದು, "ನೀನೂ ಹತ್ತು ಕಣೋ, ನಾನು ಹಿಡ್ಕೋತೀನಿ" ಅಂದ. ಗೌಡರ ಮಗ ಸೀಟು ಹಿಡಿದುಕೊಂಡು ಓಡಿದ, ಕೇರಿಯ ಹುಡುಗ ಸೈಕಲ್ ತುಳಿದ. ಹಾಗೆ ಶುರುವಾಯಿತು ಅವರ ಸ್ನೇಹ. ಏರಿಯ ಹಿಂದೆ ಶುರುವಾದ ಸ್ನೇಹ ಏರಿಯ ಮುಂದಕ್ಕೆ ಬರಲು ಎಷ್ಟು ಕಷ್ಟ ಅಂತ ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ದೊಡ್ಡವನಾದ ಮೇಲೆ ಕೋನಪ್ಪ ಶಿಡ್ಲಘಟ್ಟದ ಬಯ್ಯಪ್ಪನ ಸೈಕಲ್ ಷಾಪಿನಲ್ಲಿ ಕೆಲಸಕ್ಕೆ ನಿಂತ. ಬಯ್ಯಪ್ಪನದು ತೆಲುಗು ಬೆರೆತ ಬಾಯಿ. ಬೈಗುಳವಿಲ್ಲದೆ ಮಾತು ಹೊರಡದು, ಆದರೆ ಕೆಲಸ ಕಲಿಸುವುದರಲ್ಲಿ ಜಿಪುಣತನವಿಲ್ಲ. ಅವನ ಷಾಪಿನ ಹಳೇ ಕಬ್ಬಿಣದ ರಾಶಿಯಲ್ಲೇ ಕೋನಪ್ಪ ಒಂದು ಫ್ರೇಮು, ಒಂದು ಹ್ಯಾಂಡಲ್ಲು, ಎರಡು ಬೇರೆಬೇರೆ ಗಾಲಿ ಆಯ್ದು ತನ್ನದೇ ಒಂದು ಸೈಕಲ್ ಕಟ್ಟಿಕೊಂಡ. ಬೆಳಗಿನ ಜಾವ ಅದರ ಮೇಲೆ ಸೊಪ್ಪು ಸಾಗಿಸುವುದು, ಹೊತ್ತೇರಿದ ಮೇಲೆ ಷಾಪು. ಬಿಸಿಲು ಬೀಳುವ ಮೊದಲು, ಒದ್ದೆ ಗೋಣಿ ಹೊದಿಸಿ, ಸೊಪ್ಪು ಬಾಡದ ಹಾಗೆ ಹುಳುಮನೆಯ ಬಾಗಿಲಿಗೆ ತಲುಪಿಸಬೇಕು. ಬಾಗಿಲಿಗೆ ಮಾತ್ರ. ರೇಷ್ಮೆಹುಳುವಿಗೆ ಮೈಲಿಗೆ ಆಗದು ಅಂತ ಆ ಊರಿನ ನಂಬಿಕೆ. ಮುಟ್ಟಾದ ಹೆಂಗಸು ಬರಕೂಡದು, ಸಾವಿನ ಮನೆಗೆ ಹೋಗಿಬಂದವರು ಬರಕೂಡದು, ಕೇರಿಯವರಂತೂ ಹೊಸ್ತಿಲು ಮುಟ್ಟಕೂಡದು. ಅವರು ಕೊಯ್ದ ಸೊಪ್ಪನ್ನು ಮಾತ್ರ ಹುಳು ಸಂತೋಷವಾಗಿ ತಿನ್ನುತ್ತಿತ್ತು. ಹುಳುವಿಗೆ ಅಷ್ಟು ಬುದ್ಧಿ ಇತ್ತು.

ಲಂಕೆಯ ಯೋಚನೆ ಇಬ್ಬರಿಗೂ ಬೇರೆಬೇರೆ ದಾರಿಯಿಂದ ಬಂತು. ಒಂದು ಸಲ ಚಿಕ್ಕಬಳ್ಳಾಪುರಕ್ಕೆ ಸೈಕಲ್ಲಿನಲ್ಲಿ ಲೋಕ ಸುತ್ತುವ ಒಬ್ಬ ಯುವಕ ಬಂದಿದ್ದ. ಹ್ಯಾಂಡಲ್ಲಿಗೆ ಬಾವುಟ, ಎದೆಗೆ ಪದಕ, ಕತ್ತಿನ ತುಂಬ ಹಾರ. ಪುರಸಭೆಯವರು ಹಣ್ಣು ಕೊಟ್ಟರು, ಸ್ಕೂಲಿನ ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ಹೊಡೆದರು. ಕೇಶವನ ತಲೆಯೊಳಗೆ ಆ ಚಪ್ಪಾಳೆ ಕೂತುಬಿಟ್ಟಿತು. ಕೋನಪ್ಪನಿಗೆ ಹಾರ ಬೇಕಿರಲಿಲ್ಲ. ಕೇರಿಗೆ ಕೋಲಾರದ ಚಿನ್ನದ ಗಣಿಯಿಂದ ಒಬ್ಬ ಹಿರಿಯ ಬಂದು, ಹುಣಸೆಮರದ ಕೆಳಗೆ ಎಲ್ಲರನ್ನೂ ಕೂರಿಸಿ ಬುದ್ಧನ ಮಾತು ಹೇಳಿದ್ದ. "ಲಂಕೆಯಲ್ಲಿ ಅನುರಾಧಪುರ ಅಂತ ಐತೆ. ಬುದ್ಧ ಕೂತಿದ್ದ ಮರದ ಕೊಂಬೆ ಅಲ್ಲಿ ಮರವಾಗಿ ಬೆಳೆದೈತೆ. ಅದರ ಕೆಳಗೆ ಹೋಗಿ ಕೂತರೆ ಏಳು ಅನ್ನೋರು ಯಾರೂ ಇಲ್ಲ" ಅಂದಿದ್ದ. ಅವತ್ತಿನಿಂದ ಕೋನಪ್ಪನಿಗೆ ಆ ಮರದ ಕೆಳಗೆ ಒಂದು ಸಲ ಕೂರಬೇಕು ಅಂತ ಆಸೆ. ಒಬ್ಬನೇ ಅಲ್ಲ, ಪಕ್ಕದಲ್ಲಿ ಕೇಶವ ಕೂತಿರಬೇಕು. ಏರಿಯ ಹಿಂದೆ ಸೀಟು ಹಿಡಿದುಕೊಂಡು ಓಡಿದವನು ಹಾಡುಹಗಲು, ಜನರ ಮುಂದೆ, ಅವನ ಸಮಕ್ಕೆ ಕೂತಿರಬೇಕು. ಲಂಕೆ ಅಂದರೆ ಅವನಿಗೆ ಇಷ್ಟೇ.

ಅರವತ್ತೆರಡನೇ ಇಸವಿಯಲ್ಲಿ ಇಬ್ಬರೂ ಬಯ್ಯಪ್ಪನ ಮುಂದೆ ವಿಷಯ ಬಿಚ್ಚಿದರು. ಬಯ್ಯಪ್ಪ ಬಾಯಲ್ಲಿದ್ದ ಬೀಡಿ ತೆಗೆದ.

"ಏಮಿರಾ, ಲಂಕೆಗಾ? ಹನುಮಂತರಾಯ ಹಾರ್ಕೊಂಡು ಹೋದ. ನೀವು ತುಳ್ಕೊಂಡು ಹೋಗ್ತೀರಾ?"

"ಧನುಷ್ಕೋಟಿವರೆಗೂ ಸೈಕಲ್ಲು ಬಯ್ಯಪ್ಪಣ್ಣ. ಅಲ್ಲಿಂದ ಹಡಗು. ಇಳಿದ ಮೇಲೆ ಮತ್ತೆ ಸೈಕಲ್ಲು" ಅಂದ ಕೇಶವ.

"ಪಾಂಬನ್ ಸೇತುವೆ ಮೇಲೆ ರೈಲು ಮಾತ್ರ. ಅಷ್ಟು ದೂರ ಸೈಕಲ್ಲನ್ನ ರೈಲಿಗೆ ಹಾಕಬೇಕಂತೆ" ಅಂತ ಕೋನಪ್ಪ ಸೇರಿಸಿದ.

ಬಯ್ಯಪ್ಪ ಇಬ್ಬರ ಮುಖವನ್ನೂ ನೋಡಿದ. ನಗಲು ಹೊರಟವನು ನಗಲಿಲ್ಲ. "ಹಂಗಾದ್ರೆ ಈ ಕ್ಯಾರಿಯರ್ ಆಗಲ್ಲ. ತಾರಿನ ರಸ್ತೆ ಮುಗಿಯೋದ್ರಲ್ಲಿ ಮುರಿದು ಬೀಳ್ತೈತೆ. ಕಂಬಿ ದಪ್ಪ ಬೇಕು" ಅಂದ. ಅಷ್ಟೇ ಅವನ ಆಶೀರ್ವಾದ.

ಒಂದೂವರೆ ವರ್ಷ ಸಿದ್ಧತೆ ನಡೆಯಿತು. ಚಿಂತಾಮಣಿಯ ಕಮ್ಮಾರನ ಹತ್ತಿರ ದಪ್ಪ ಕಂಬಿಯ ಕ್ಯಾರಿಯರ್ ಮಾಡಿಸಿದರು. ಕೋನಪ್ಪ ತನ್ನ ಸೈಕಲ್ಲಿನ ಎರಡು ಗಾಲಿಯನ್ನೂ ಬಿಚ್ಚಿ, ಒಂದೊಂದೇ ಕಡ್ಡಿ ಕಟ್ಟಿ, ಬೆರಳಿನಿಂದ ಮೀಟಿ, ಒಂದೇ ಸದ್ದು ಬರುವವರೆಗೂ ಬಿಗಿ ಮಾಡಿದ. ಕೇಶವನ ಸೈಕಲ್ಲಿಗೂ ಅವನೇ ಮಾಡಿದ. ಮರಳು ಮೂಟೆ ಹೇರಿಕೊಂಡು ನಂದಿಬೆಟ್ಟದ ರಸ್ತೆ ಹತ್ತಿದರು; ಮೊದಲ ಸಲ ಅರ್ಧಕ್ಕೇ ಕೇಶವ ಮೋರಿಯ ಮೇಲೆ ಮಲಗಿ, "ಲಂಕೆ ಇಲ್ಲೇ ಐತೆ ಕಣೋ, ನನ್ನ ಇಲ್ಲೇ ಬಿಟ್ಟುಬಿಡು" ಅಂತ ಗೋಗರೆದ. ಗಂಗುಲಮ್ಮ ರಾಗಿ ಹುರಿದು, ಬೀಸಿ, ಬೆಲ್ಲ ಸೇರಿಸಿದ ಹುರಿಹಿಟ್ಟು ಎಷ್ಟು ದಿನ ಕೆಡದೆ ಇರುತ್ತದೆ ಅಂತ ಪರೀಕ್ಷೆ ಮಾಡಿದಳು. ಭಾರ ಕಮ್ಮಿಯಾಗಲಿ ಅಂತ ಒಂದೇ ಪಾತ್ರೆ, ಒಂದೇ ತಟ್ಟೆ ಎಂದು ಬಯ್ಯಪ್ಪ ತೀರ್ಪು ಕೊಟ್ಟ.

"ಒಂದೇ ತಟ್ಟೇಲಿ ಇಬ್ಬರಾ?" ಅಂತ ಕೋನಪ್ಪ ಕೇಶವನ ಕಡೆ ನೋಡಿದ.

"ನೀನು ಬೇಗ ತಿಂತೀಯ, ಅದೊಂದೇ ನನಗೆ ಭಯ" ಅಂದ ಕೇಶವ.

ಇನ್ನೊಂದು ಸಿದ್ಧತೆಯೂ ಇತ್ತು. ಕೋನಪ್ಪನ ಬಾಯಲ್ಲಿ ಕೇಶವನನ್ನು ಕರೆಯುವ ಮಾತು 'ಚಿಕ್ಕಗೌಡ್ರೆ' ಅಂತ. ಕೇಶವ ಅದನ್ನು ಬಿಡಿಸಲು ಹಠ ಹಿಡಿದ. "ಪರದೇಶದಲ್ಲಿ ಗೌಡ್ರೆ ಗೌಡ್ರೆ ಅಂತ ಕೂಗ್ತೀಯೇನೋ? ಹೆಸರು ಹಿಡಿದು ಕರಿ. ಕರೆಯೋವರೆಗೂ ನಾನು ತುಳಿಯಲ್ಲ" ಅಂತ ನಡುರಸ್ತೆಯಲ್ಲಿ ಇಳಿದು ನಿಂತುಬಿಡುತ್ತಿದ್ದ. ನಂದಿಬೆಟ್ಟ ಹತ್ತುವುದಕ್ಕಿಂತ ಇದು ಕಷ್ಟವಾಯಿತು. ಕೊನೆಗೆ ಒಂದು ದಿನ, ಗೌರಿಬಿದನೂರಿನ ರಸ್ತೆಯಲ್ಲಿ ಎದುರುಗಾಳಿಗೆ ಏದುಸಿರು ಬಿಡುತ್ತಾ, ಕೋನಪ್ಪನ ಬಾಯಿಂದ, "ಬಾರೋ ಕೇಶವ, ಸತ್ತೋನಂಗೆ ತುಳೀತೀಯ" ಅಂತ ಹೊರಟೇಬಿಟ್ಟಿತು. ಹೊರಟಮೇಲೆ ಇಬ್ಬರೂ ಸೈಕಲ್ ನಿಲ್ಲಿಸಿ ನಕ್ಕರು. ಕೋನಪ್ಪನಿಗೆ ಕಣ್ಣಲ್ಲಿ ನೀರು ಬಂತು, ಧೂಳು ಅಂದ.

ಅವತ್ತೇ ಗೌರಿಬಿದನೂರಿನ ಒಂದು ಹೋಟೆಲಿನಲ್ಲಿ ಕೂತು ಇಬ್ಬರೂ ದೋಸೆ ತಿಂದರು. ಹೋಟೆಲಿನವನು ಕೋನಪ್ಪನ ಬಟ್ಟೆ ನೋಡಿ, "ಯಾವೂರಪ್ಪ? ಯಾರ ಪೈಕಿ?" ಅಂದ. ಕೋನಪ್ಪ ಎದ್ದು ಹೊರಗೆ ಹೋಗಲು ಬೆಂಚು ಹಿಂದಕ್ಕೆ ಸರಿಸಿದ್ದ. ಕೇಶವ ಅವನ ಹೆಗಲ ಮೇಲೆ ಕೈ ಹಾಕಿ ಕೂರಿಸಿ, "ನಮ್ಮ ಚಿಕ್ಕಪ್ಪನ ಮಗ. ಏನೀಗ? ಇನ್ನೊಂದು ದೋಸೆ ತಗೊಂಬಾ" ಅಂದ. ಆ ಕೈಯ ಭಾರ ಕೋನಪ್ಪನ ಹೆಗಲ ಮೇಲೆ ಎಷ್ಟೋ ದಿನ ಇತ್ತು. ತಾಯಿಯ ಮುಂದೆ ಅದನ್ನೇ ಹೇಳಿದ. ಗಂಗುಲಮ್ಮ ಒಲೆ ಊದುತ್ತಾ, "ಗೌರಿಬಿದನೂರಿನಲ್ಲಿ ಅಂದ. ನಮ್ಮೂರಲ್ಲಿ ಅಂದನಾ?" ಅಂತ ಕೇಳಿದಳು. ಮಗನಿಗೆ ಸಿಟ್ಟು ಬಂತು. ಊಟ ಬಿಟ್ಟು ಎದ್ದುಹೋದ.

ಲಂಕೆಗೆ ಹೋಗುವ ಪಾಸ್‌ಪೋರ್ಟಿಗೆ ಚಿಕ್ಕಬಳ್ಳಾಪುರದಲ್ಲಿ ಫೋಟೋ ತೆಗೆಸಿದರು. ಕೇಶವ ತನ್ನ ಕೋಟು ಬಿಚ್ಚಿ ಕೋನಪ್ಪನಿಗೆ ತೊಡಿಸಿದ. ಹಾಗಾಗಿ ಎರಡು ಫೋಟೋದಲ್ಲೂ ಒಂದೇ ಕೋಟು. ವಿಚಾರಣೆಗೆ ಬಂದ ಪೊಲೀಸಿನವನು, "ಸಮುದ್ರದ ಮೇಲೂ ತುಳೀತೀರೇನ್ರಯ್ಯ?" ಅಂತ ನಕ್ಕು, ಎಳನೀರು ಕುಡಿದು ಹೋದ. ಕಾಲರಾಕ್ಕೆ ಸೂಜಿ, ಸಿಡುಬಿಗೆ ದೇವಿ ಹಾಕಿಸಿಕೊಂಡು ಇಬ್ಬರೂ ಜ್ವರದಲ್ಲಿ ಮಲಗಿದರು. ಪಾಸ್‌ಪೋರ್ಟು ಬಂತು. ಅರವತ್ತನಾಲ್ಕರ ಸಂಕ್ರಾಂತಿ ಕಳೆದ ಮಾರನೇ ದಿನ ಹೊರಡುವುದು ಎಂದು ನಿಶ್ಚಯವಾಯಿತು. ನರಸಿಂಹಪ್ಪಗೌಡರು ಮೊದಲು ಗುಡುಗಿದರು. ಮಗನ ಹೆಸರು ಪೇಪರಿನಲ್ಲಿ ಬರುತ್ತದೆ ಅಂತ ಯಾರೋ ಹೇಳಿದ ಮೇಲೆ ತಣ್ಣಗಾದರು. "ಹೋಗು. ಈ ಕಾರ್ತಿಕದ ಹುಳು ಹಣ್ಣಾಗಿ ಗೂಡು ಕಟ್ಟೋವರೆಗೂ ಮನೇಲಿರು. ಸಾಮಾನು ಹೊರೋಕೆ ಆ ಕೇರಿ ಹುಡುಗ ಬರ್ತಾನಲ್ಲ, ಒಳ್ಳೇದಾಯ್ತು" ಅಂದರು. ಸಾಮಾನು ಹೊರೋಕೆ! ಕೇಶವ ತಿದ್ದಲಿಲ್ಲ. ತಿದ್ದದೆ ಇದ್ದದ್ದನ್ನು ಅಂಗಳದಲ್ಲಿ ನಿಂತಿದ್ದ ಕೋನಪ್ಪ ಕೇಳಿಸಿಕೊಂಡ. ಹೇಗೋ ಒಪ್ಪಿಗೆ ಸಿಕ್ಕಿತಲ್ಲ ಅಂತ ನುಂಗಿಕೊಂಡ.

ಕಾರ್ತಿಕದ ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳು ಪೊರೆ ಬಿಡಲು ಸುಮ್ಮನೆ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅದಕ್ಕೆ ಹಗಲಿಲ್ಲ ರಾತ್ರಿಯಿಲ್ಲ, ಬರೀ ತಿನ್ನುವುದೇ. ಆ ಹೊತ್ತಿಗೆ ಸರಿಯಾಗಿ ಗೌಡರೂ ಅವರ ಹೆಂಡತಿ ಚಿಕ್ಕವೆಂಕಟಮ್ಮನೂ ಚಿಂತಾಮಣಿಯ ನೆಂಟರ ಮದುವೆಗೆ ಹೋಗಬೇಕಾಯಿತು. ಹುಳುಮನೆಯನ್ನು ಮಗನಿಗೆ ಒಪ್ಪಿಸಿ ಹೋದರು. ಮಧ್ಯಾಹ್ನ ಮಳೆ ಹಿಡಿಯಿತು. ಕೋನಪ್ಪ ಸೊಪ್ಪಿನ ಹೊರೆ ತಂದಾಗ ಅದರಿಂದ ನೀರು ಸೋರುತ್ತಿತ್ತು. ಬಾಗಿಲ ಹೊರಗೇ ನಿಂತು ಕೂಗಿದ.

"ಕೇಶವ, ಸೊಪ್ಪು ನೆನೆದೋಗೈತೆ. ಹರವಿ, ಆರಿಸಿ ಹಾಕಬೇಕು."

ಒಳಗೆ ಹುಳುಮನೆಯ ನಡುವೆ ಕೇಶವ ತನ್ನ ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿಕೊಂಡಿದ್ದ. ಬೆಂಗಳೂರಿನಿಂದ ತರಿಸಿದ ಡೈನಮೋ ಕೂರಿಸುತ್ತಿದ್ದ. ಚೈನು ತೊಳೆದ ಸೀಮೆಎಣ್ಣೆಯ ಬಟ್ಟಲು ಪಕ್ಕದಲ್ಲಿತ್ತು. "ಇದು ಕೂರ್ತಾನೇ ಇಲ್ಲ ಕಣೋ, ಬಾ ಒಳಗೆ" ಅಂದ.

"ನಾನಾ?"

"ಲಂಕೆಗೆ ಹೋಗೋನು ಹೊಸ್ತಿಲು ದಾಟಲ್ವಾ? ಬಾರೋ ಅಂದ್ರೆ!" ಕೇಶವ ಎದ್ದು ಬಂದು ಅವನ ಕೈ ಹಿಡಿದು ಒಳಗೆಳೆದ.

ಕೋನಪ್ಪ ಚಿಕ್ಕಂದಿನಿಂದ ಆ ಹುಳುಗಳಿಗೆ ಸೊಪ್ಪು ಹೊತ್ತಿದ್ದ. ಅವು ತಿನ್ನುವುದನ್ನು ಒಂದು ದಿನವೂ ನೋಡಿರಲಿಲ್ಲ. ಅಂತಸ್ತು ಅಂತಸ್ತಾಗಿ ಬಿದಿರು ತಟ್ಟೆ. ತಟ್ಟೆ ತುಂಬ ಬೆರಳುದ್ದದ ಬಿಳೀ ಹುಳು. ಮನೆ ಪೂರ್ತಿ ಸರಸರ ಸದ್ದು. ಮಳೆಯ ಸದ್ದೋ ಹುಳುವಿನ ಸದ್ದೋ ಅಂತ ಅವನಿಗೆ ತಿಳಿಯಲಿಲ್ಲ. ಬಾಯಿ ಬಿಟ್ಟುಕೊಂಡು ನಿಂತುಬಿಟ್ಟ. ಕೈ ಹಿಂದಕ್ಕೆ ಕಟ್ಟಿಕೊಂಡಿದ್ದ, ತಪ್ಪಿಯೂ ಒಂದು ತಟ್ಟೆ ಮುಟ್ಟಬಾರದು ಅಂತ. ಆಮೇಲೆ ಡೈನಮೋ ಕೂರಿಸಿಕೊಟ್ಟ. ಗಾಲಿ ತಿರುಗಿಸಿದರೆ ದೀಪ ಹತ್ತಿತು. ಕೇಶವ ಚಿಕ್ಕ ಹುಡುಗನ ಹಾಗೆ ಕುಣಿದ. ತಟ್ಟೆಯಲ್ಲಿ ಸೊಪ್ಪು ಮುಗಿದಿತ್ತು. ಕೇಶವ ಹೊರೆ ಬಿಚ್ಚಿ, ಅದೇ ಸೀಮೆಎಣ್ಣೆ ಕೈಯಲ್ಲಿ, ನೀರು ಸೋರುವ ಸೊಪ್ಪನ್ನೇ ಎತ್ತಿ ತಟ್ಟೆಗಳಿಗೆ ಹಾಕತೊಡಗಿದ.

"ಬೇಡ ಕೇಶವ, ಆರಲಿ. ಕೈ ತೊಳ್ಕೋ."

"ಏನೂ ಆಗಲ್ಲ ಸುಮ್ನಿರು. ಗಾಲಿ ಇನ್ನೊಂದು ಸಲ ತಿರುಗಿಸು, ದೀಪ ನೋಡಣ."

ಕೋನಪ್ಪ ಹೊರಗೆ ಬರುವಾಗ ಪಕ್ಕದ ಮನೆಯ ಮುದುಕಿ ಪೆದ್ದಮ್ಮ ಜಗಲಿಯ ಮೇಲೆ ಕೂತಿದ್ದಳು. ಅವನನ್ನು ನೋಡಿದಳು.

ಎರಡು ದಿನಕ್ಕೆ ಹುಳು ತಿನ್ನುವುದು ಬಿಟ್ಟವು. ಮೂರನೇ ದಿನ ಮೈ ಸಡಿಲವಾಗಿ, ಕಪ್ಪಗೆ ತಿರುಗಿ, ತಟ್ಟೆಯ ಅಂಚಿನಲ್ಲಿ ತಲೆ ಕೆಳಗೆ ಮಾಡಿ ಜೋತುಬಿದ್ದವು. ಮದುವೆಯಿಂದ ಬಂದ ಚಿಕ್ಕವೆಂಕಟಮ್ಮ ಬಾಗಿಲಲ್ಲೇ ವಾಸನೆ ಹಿಡಿದು ಕೂಗಿಕೊಂಡಳು. ಆ ತಾಯಿಯನ್ನು ತಪ್ಪು ಅನ್ನುವುದು ಹೇಗೆ? ಸಾಸಿವೆ ಕಾಳಿಗಿಂತ ಸಣ್ಣ ಹುಳುವಿನಿಂದ ಹಿಡಿದು ಅವಳೇ ಸಾಕಿದ್ದಳು, ರಾತ್ರಿ ಎದ್ದೆದ್ದು ಸೊಪ್ಪು ಹಾಕಿದ್ದಳು. ತಟ್ಟೆ ತಟ್ಟೆಯನ್ನೇ ಹೊತ್ತು ತಿಪ್ಪೆಯ ಗುಂಡಿಗೆ ಸುರಿಯುವಾಗ, ಮಗುವನ್ನು ಮಣ್ಣು ಮಾಡುವವಳ ಹಾಗೆ ಅತ್ತಳು. ಆಗ ಪೆದ್ದಮ್ಮ ಬಾಯಿ ಬಿಟ್ಟಳು: "ಒಳಗೆ ಯಾರು ಬಂದಿದ್ರು ಅಂತ ನಿನ್ನ ಮಗನ್ನ ಕೇಳು."

ಸಂಜೆ ಅರಳಿಕಟ್ಟೆಯ ಮುಂದೆ ಕೋನಪ್ಪನನ್ನು ನಿಲ್ಲಿಸಿದರು. ಕಟ್ಟೆಯ ಮೇಲೆ ನರಸಿಂಹಪ್ಪಗೌಡರು, ಊರಿನ ನಾಲ್ಕು ಜನ. ಕೇಶವ ಒಂದು ಕಡೆ ಕಲ್ಲುಕಂಬಕ್ಕೆ ಒರಗಿ ನಿಂತಿದ್ದ.

"ಒಳಗೆ ಹೋಗಿದ್ದೇನೋ?"

"ಹೋಗಿದ್ದೆ ಗೌಡ್ರೆ."

"ಯಾರು ಕರೆದರು?"

ಕೋನಪ್ಪ ಕೇಶವನ ಕಡೆ ನೋಡಿದ. ತಾನು ಹೆಸರು ಹೇಳಿದರೆ ಗೌಡರು ಮಗನನ್ನು ಲಂಕೆಗಲ್ಲ, ಶಿಡ್ಲಘಟ್ಟಕ್ಕೂ ಕಳಿಸುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ತಾನು ಹೇಳಬೇಕಾಗಿಯೂ ಇಲ್ಲ, ಈಗ ಕೇಶವನೇ ಹೇಳುತ್ತಾನೆ ಅಂತ ಕಾದ. ಕೇಶವ ತನ್ನ ಕೈಗಡಿಯಾರದ ಪಟ್ಟಿಯನ್ನು ಬಿಚ್ಚಿದ, ಮತ್ತೆ ಹಾಕಿದ.

"ಯಾರು ಕರೆದರು ಅಂತ ಕೇಳ್ದೆ!"

"ಮಳೆ ಬರ್ತಿತ್ತು ಗೌಡ್ರೆ" ಅಂದ ಕೋನಪ್ಪ.

ಅಷ್ಟು ಸಾಕಾಯಿತು. ಬಾಯಿಗೆ ಬಂದ ಮಾತೆಲ್ಲ ಬಂತು. ಅದನ್ನು ಬರೆದರೆ ಕಾಗದ ಹರಿದುಹೋಗುತ್ತದೆ. ಒದ್ದೆ ಸೊಪ್ಪು ತಿಂದರೆ ಹುಳು ಸಾಯುತ್ತದೆ ಅಂತ ಆ ಕಟ್ಟೆಯ ಮೇಲೆ ಕೂತಿದ್ದ ಒಬ್ಬೊಬ್ಬನಿಗೂ ಗೊತ್ತು. ಮೂರು ದಿನದ ಹಿಂದೆ ಮಳೆ ಬಂದದ್ದೂ ಗೊತ್ತು. ಒಬ್ಬನಾದರೂ, ಸೊಪ್ಪು ಹೇಗಿತ್ತು ಅಂತ ಕೇಳಿದನೇ? ಕೇಳಲಿಲ್ಲ. ಗಂಗುಲಮ್ಮ ಎಲ್ಲಿಂದಲೋ ಓಡಿಬಂದು ಮಗನ ಕತ್ತು ಹಿಡಿದು ಬಗ್ಗಿಸಿದಳು. "ಬೀಳೋ, ಬೀಳೋ ನನ್ನಪ್ಪ, ಬಿದ್ದುಬಿಡು" ಅಂತ ಅವಳೇ ಮೊದಲು ಬಿದ್ದಳು. ಕೋನಪ್ಪ ಮಣ್ಣಿನ ಮೇಲೆ ಉದ್ದಕ್ಕೆ ಬಿದ್ದ. ಏಳುವಾಗ ಗೌಡರು ತೀರ್ಮಾನ ಹೇಳಿದರು: "ಸೈಕಲ್ ಬಂದು ನಿಮಗೆ ಕೊಬ್ಬು ಬಂತು. ಇವತ್ತಿಂದ ಕೇರಿಯೋರು ಯಾರೂ ಊರೊಳಗೆ ಸೈಕಲ್ ಹತ್ತಂಗಿಲ್ಲ. ತಳ್ಕೊಂಡು ಹೋಗಬೇಕು."

ಸಮುದ್ರದಾಚೆಗೆ ಸೈಕಲ್ ತುಳಿಯಲು ಸರ್ಕಾರ ಮೊಹರು ಹಾಕಿ ಒಪ್ಪಿಗೆ ಕೊಟ್ಟಿತ್ತು. ಊರ ಬೀದಿಯಲ್ಲಿ ತುಳಿಯಲು ಇಲ್ಲ.

ಮಾರನೇ ದಿನ ಕೇಶವ ಷಾಪಿಗೆ ಬಂದ. ಕೋನಪ್ಪ ಟೈರು ಬಿಚ್ಚುತ್ತಿದ್ದವನು ತಲೆ ಎತ್ತಲಿಲ್ಲ.

"ಸಿಟ್ಟೇನೋ? ಅಪ್ಪ ಎಂಥೋನು ಅಂತ ನಿನಗೇ ಗೊತ್ತಲ್ಲ. ಬಾಯಿ ಬಿಟ್ಟಿದ್ರೆ ಪ್ರಯಾಣಾನೇ ನಿಂತೋಗ್ತಿತ್ತು. ಇನ್ನು ಸಂಕ್ರಾಂತಿ ಎಷ್ಟು ದಿನ ಐತೆ? ಹೊರಟುಬಿಟ್ರೆ ಮುಗೀತು. ಅಲ್ಲಿ ನಾವು ಯಾರು ಅಂತ ಯಾರಿಗೆ ಗೊತ್ತು? ಅಲ್ಲಿ ನೀನು ನನ್ನ ತಮ್ಮ ಕಣೋ."

"ಗೌರಿಬಿದನೂರಲ್ಲೂ ಆಗಿದ್ದೆ" ಅಂದ ಕೋನಪ್ಪ.

"ಮತ್ತೆ?"

"ಒಂದು ಮಾತು ಇತ್ತು. ಸೊಪ್ಪು ನಾನೇ ಹಾಕ್ದೆ, ಅವನನ್ನ ನಾನೇ ಕರೆದೆ ಅಂತ, ಅಷ್ಟು. ಅದನ್ನ ಹೇಳೋಕೆ ಲಂಕೆವರೆಗೂ ಹೋಗಬೇಕೇನಪ್ಪ?"

ಕೇಶವ ಬಯ್ಯಪ್ಪನ ಕಡೆ ನೋಡಿದ. ಬಯ್ಯಪ್ಪ ಕೈಯಲ್ಲಿದ್ದ ಸ್ಪಾನರನ್ನು ನೆಲಕ್ಕೆ ಅಪ್ಪಳಿಸಿ, "ನನ್ನ ಯಾಕೆ ನೋಡ್ತೀಯ? ನನ್ನ ಕೈಲಿ ಇರೋದು ಇದೊಂದೇ. ಇದು ತಲೆಗೆ ಬಿದ್ದರೆ ನಿಮ್ಮಪ್ಪ ಕೇಸು ಹಾಕ್ತಾನೆ" ಅಂದ.

"ಸಂಕ್ರಾಂತಿಯೊಳಗೆ ಕಟ್ಟೆ ಮೇಲೆ ಹೇಳಿ ಚಿಕ್ಕಗೌಡ್ರೆ" ಅಂದ ಕೋನಪ್ಪ. "ನನ್ನ ಸೈಕಲ್ಲು ಸಿದ್ಧವಾಗೇ ಇರ್ತೈತೆ. ಹೇಳಿದ ಘಳಿಗೆ ಹೊರಡಣ."

ಚಿಕ್ಕಗೌಡ್ರೆ ಅಂದದ್ದು ಕೇಶವನಿಗೆ ತಟ್ಟಿತು. ಮುಖ ಕೆಂಪಗಾಯಿತು. ಸೈಕಲ್ ಹತ್ತಿ ಹೊರಟುಹೋದ.

ಕೋನಪ್ಪ ಸುಮ್ಮನೆ ಹೇಳಿದ್ದಲ್ಲ. ದಿನಾ ಸೈಕಲ್ಲಿಗೆ ಗಾಳಿ ನೋಡಿದ. ಚೈನಿಗೆ ಎಣ್ಣೆ ಬಿಟ್ಟ. ಹುರಿಹಿಟ್ಟನ್ನು ತಾಯಿ ಹೊಸದಾಗಿ ಮಾಡಿ ಬಟ್ಟೆಯಲ್ಲಿ ಕಟ್ಟಿದಳು. ಬೇಡ ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಸಂಕ್ರಾಂತಿ ಬಂತು, ದನ ಕಿಚ್ಚು ಹಾಯ್ದವು. ಮಾರನೇ ದಿನ ಬೆಳಿಗ್ಗೆ ಕೋನಪ್ಪ ತುಂಬಿದ ಸೈಕಲ್ಲನ್ನು ಊರೊಳಗೆ ತಳ್ಳಿಕೊಂಡು ಬಂದು, ಊರ ಬಾಗಿಲಿನ ಕಲ್ಲಿಗೆ ಒರಗಿಸಿ ನಿಂತ. ಬಿಸಿಲು ಏರಿತು. ಎದುರಿಗೇ ಇದ್ದ ಕೇಶವನ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಓಡಾಡುವ ಸದ್ದೂ ಕೇಳುತ್ತಿತ್ತು. ಯಾರೂ ಹೊರಗೆ ಬರಲಿಲ್ಲ. ಹೊತ್ತು ನೆತ್ತಿಗೆ ಬಂದಾಗ ಗಂಗುಲಮ್ಮ ಬಂದು ಕ್ಯಾರಿಯರಿನ ಹಗ್ಗ ಬಿಚ್ಚಿದಳು. ಆ ಹುರಿಹಿಟ್ಟನ್ನು ಕೇರಿಯ ಮಕ್ಕಳಿಗೆ ಹಂಚಿದರು.

ನೀನೊಬ್ಬನೇ ಹೋಗಬಹುದಿತ್ತಲ್ಲ ಅಂತ ಬಯ್ಯಪ್ಪ ಆಮೇಲೆ ಎಷ್ಟೋ ಸಲ ಕೇಳಿದ. ಪಾಸ್‌ಪೋರ್ಟು ಇತ್ತು, ಸೈಕಲ್ಲು ಇತ್ತು, ತೊಡೆಯಲ್ಲಿ ಬಲ ಇತ್ತು. ಕೋನಪ್ಪ ಗಾಲಿಯ ಕಡ್ಡಿ ಬಿಗಿ ಮಾಡುತ್ತಾ ತನ್ನೊಳಗೇ ಅಂದುಕೊಳ್ಳುತ್ತಿದ್ದ: ಒಬ್ಬನೇ ಹೋಗಿ ಮರದ ಕೆಳಗೆ ಕೂತರೆ ಪಕ್ಕದ ಜಾಗ ಖಾಲಿ ಇರುತ್ತದಲ್ಲ, ಅದನ್ನು ಅಷ್ಟು ದೂರ ಹೊತ್ತುಕೊಂಡು ಹೋಗುವುದು ಯಾಕೆ? ತಾಯಿಯನ್ನು ಕರೆದುಕೊಂಡು ಅವನು ಶಿಡ್ಲಘಟ್ಟಕ್ಕೇ ಬಂದುಬಿಟ್ಟ. ಷಾಪಿನ ಹಿಂದೆ ಒಂದು ಕೋಣೆ ಕಟ್ಟಿಕೊಂಡ.

ಆ ವರ್ಷದ ಕೊನೆಯಲ್ಲಿ ಬಿರುಗಾಳಿಯ ಸುದ್ದಿ ಬಂತು. ಸಮುದ್ರ ಉಕ್ಕಿ ಧನುಷ್ಕೋಟಿಯೇ ಕೊಚ್ಚಿಹೋಗಿದೆ, ರೈಲು ರೈಲೇ ನೀರಿನೊಳಗೆ ಹೋಗಿದೆ, ಹಡಗು ಹತ್ತುವ ಕಟ್ಟೆ ಇಲ್ಲ, ಊರಿಲ್ಲ. ಷಾಪಿನ ಮುಂದೆ ಪೇಪರು ಓದುತ್ತಿದ್ದವನೊಬ್ಬ, "ನೀವಿಬ್ಬರೂ ಹೋಗದೆ ಇದ್ದದ್ದೇ ಒಳ್ಳೇದಾಯ್ತು ಕಣಯ್ಯ" ಅಂದ. ಕೋನಪ್ಪ ಅವನ ಕೈಯಿಂದ ಪೇಪರು ಕಿತ್ತು ಚರಂಡಿಗೆ ಎಸೆದ. ಎಂದೂ ಜೋರಾಗಿ ಮಾತಾಡದವನು. "ನಾವು ಹೋಗಿ ಬಂದು ಎಷ್ಟೋ ತಿಂಗಳು ಆಗ್ತಿತ್ತು!" ಅಂತ ಕೂಗಿದ. ಆಮೇಲೆ ಗಿರಾಕಿಗಳ ಮುಂದೆಯೇ ಮೊಣಕಾಲಿಗೆ ಮುಖ ಒತ್ತಿಕೊಂಡು ಅತ್ತ.

ಅದು ಕೇಶವನ ಕಿವಿಗೆ ಹೇಗೆ ಬಿತ್ತೋ. ಎರಡು ದಿನ ಬಿಟ್ಟು ಬಂದ. ಅವನಿಗೆ ಮದುವೆಯಾಗಿತ್ತು, ಮೈ ಬಂದಿತ್ತು. ಷಾಪಿನ ಕಲ್ಲಿನ ಮೇಲೆ ಕೂತು, "ಆವತ್ತು ಸೊಪ್ಪು ಹಾಕಿದ್ದು ನಾನೇ ಕಣೋ ಕೋನಪ್ಪ" ಅಂದ.

"ನನಗೆ ಗೊತ್ತಿರೋದನ್ನ ನನಗೇ ಹೇಳ್ತೀರಲ್ಲ."

"ಹಂಗಾದ್ರೆ ಬಾ. ಈಗಲೇ ಬಾ. ಅಲ್ಲೇ ಹೇಳ್ತೀನಿ. ಎಲ್ಲರ ಮುಂದೇನೇ."

ಕೋನಪ್ಪ ನಂಬಿದ. ನಂಬದೆ ಇರುವುದು ಅವನಿಗೆ ಬರುತ್ತಿರಲಿಲ್ಲ. ಲಂಕೆಗೆಂದು ಸಿದ್ಧ ಮಾಡಿದ್ದ ಆ ಸೈಕಲ್ಲನ್ನೇ ಷಾಪಿನ ಜಗಲಿಯಿಂದ ಇಳಿಸಿಕೊಂಡ. ಇಬ್ಬರೂ ಜೊತೆಯಲ್ಲಿ ತುಳಿದರು. ದಾರಿಯಲ್ಲಿ ಕೇಶವ ಹಳೆಯದೆಲ್ಲ ನೆನೆಸಿಕೊಂಡು ಮಾತಾಡಿದ, ನಂದಿಬೆಟ್ಟದ ಮೋರಿಯ ಮೇಲೆ ಮಲಗಿದ್ದು ಹೇಳಿ ನಕ್ಕ. ಕೋನಪ್ಪನೂ ಸ್ವಲ್ಪ ನಕ್ಕ. ಊರ ಬಾಗಿಲು ಬಂದಾಗ ಕೋನಪ್ಪ ಇಳಿದ. ಕೇಶವ ನೋಡಿ ತಾನೂ ಇಳಿದ. ಇಬ್ಬರೂ ತಳ್ಳಿಕೊಂಡು ನಡೆದರು. ಅಷ್ಟಾದರೂ ಆಯಿತಲ್ಲ ಅಂತ ಕೋನಪ್ಪ ಹೆಜ್ಜೆ ಬಿರುಸು ಮಾಡಿದ.

ಕಟ್ಟೆಯ ಮೇಲೆ ನರಸಿಂಹಪ್ಪಗೌಡರು ಇದ್ದರು, ಎಂದಿನ ಜನರೂ ಇದ್ದರು. ಕೇಶವನ ಹೊಸ ಮಾವ ಬಂದು ಪಕ್ಕದಲ್ಲಿ ಕೂತಿದ್ದರು. ಎಲ್ಲರೂ ತಿರುಗಿ ನೋಡಿದರು.

"ಏನೋ ಕೇಶವ? ಅವನನ್ನ ಯಾಕೆ ಕರ್ಕೊಂಡು ಬಂದೆ?" ಅಂದರು ಗೌಡರು.

ಕೇಶವ ಬಾಯಿ ತೆರೆದ. ಮಾವನ ಮುಖ ನೋಡಿದ. ತಂದೆಯ ಮುಖ ನೋಡಿದ.

"ಏನಿಲ್ಲಪ್ಪ" ಅಂದ. "ಸೈಕಲ್ ಸ್ವಲ್ಪ ರಿಪೇರಿ ಇತ್ತು. ಅದಕ್ಕೇ."

ಅವರೆಲ್ಲ ತಮ್ಮ ಮಾತಿಗೆ ಹಿಂತಿರುಗಿದರು. ಕೋನಪ್ಪ ನಿಂತಲ್ಲೇ ನಿಂತಿದ್ದ. ಅಲ್ಲೇ ಉಗಿದು ಬರಬೇಕಿತ್ತು ಅವನು. ಉಗಿಯಲಿಲ್ಲ. ಕೇಶವನ ಸೈಕಲ್ಲನ್ನು ಅವನ ಕೈಯಿಂದ ತೆಗೆದುಕೊಂಡು, ಕಟ್ಟೆಯ ಕೆಳಗೆ ಮಣ್ಣಿನಲ್ಲಿ ತಲೆಕೆಳಗೆ ನಿಲ್ಲಿಸಿದ. ಚೀಲದಿಂದ ಸ್ಪಾನರ್ ತೆಗೆದ. ಗಾಲಿ ತಿರುಗಿಸಿ ನೋಡಿದ. ಬ್ರೇಕು ನೋಡಿದ. ಬಿಗಿಯಾಗಿಯೇ ಇದ್ದ ನಟ್ಟನ್ನು ಸಡಿಲಿಸಿ ಮತ್ತೆ ಬಿಗಿ ಮಾಡಿದ. ಕೇಶವ ಪಕ್ಕದಲ್ಲೇ ನಿಂತಿದ್ದ. ಅವನ ಕಾಲಿನ ಬೆರಳುಗಳು ಚಪ್ಪಲಿಯೊಳಗೆ ಮುದುರಿಕೊಳ್ಳುವುದು ಕೋನಪ್ಪನಿಗೆ ಕಾಣುತ್ತಿತ್ತು. ಕೆಲಸ ಮುಗಿಸಿ, ಸೈಕಲ್ ಎತ್ತಿ ನಿಲ್ಲಿಸಿ, ಕೈ ಒರೆಸಿಕೊಂಡು ಹೊರಟ.

ಷಾಪಿಗೆ ಬಂದಾಗ ಬಯ್ಯಪ್ಪ ಬಾಗಿಲಲ್ಲೇ ಕಾಯುತ್ತಿದ್ದ. "ಹೇಳಿದನೇನೋ?"

"ಸೈಕಲ್ ರಿಪೇರಿ ಇತ್ತಂತೆ. ನೋಡಿಕೊಟ್ಟು ಬಂದೆ."

"ಏನಾಗಿತ್ತು ಅದಕ್ಕೆ?"

"ಏನೂ ಆಗಿರಲಿಲ್ಲ ಬಯ್ಯಪ್ಪಣ್ಣ" ಅಂದ ಕೋನಪ್ಪ. ನೀರಿನ ಬಾಂಡಲಿ ಹತ್ತಿರಕ್ಕೆ ಎಳೆದುಕೊಂಡು ಕೂತು, ಯಾರೋ ಬಿಟ್ಟುಹೋಗಿದ್ದ ಟ್ಯೂಬನ್ನು ಅದರಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡತೊಡಗಿದ.